ಹೊಗೆಸೊಪ್ಪಿನ ಗಂಟು

ಕಯಾಕ್ ದೋಣಿ ಮಾಡಿದವನು ಹುಜೈಫಾ, ಪಿರಿಯಾಪಟ್ಟಣದ ಬಡಗಿ. ನಾನು ನಟರಾಜು, ಹೊಗೆಸೊಪ್ಪು ಬೆಳೆಯುವವನು. ಇಪ್ಪತ್ತು ವರ್ಷ ಕಬಿನಿ ಹಿನ್ನೀರಿನಲ್ಲಿ ಜೊತೆಯಾಗಿ ಮೀನು ಹಿಡಿದ ಸೊಕ್ಕಿನಲ್ಲಿ, ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹುಟ್ಟು ಹಾಕಿಕೊಂಡೇ ಹೊರಟೆವು. ಏಳು ದಿನದ ದಾರಿ. ಊರಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮಿಬ್ಬರ ಫ್ಲೆಕ್ಸ್ ತೂಗುತ್ತಿತ್ತು. ದ್ವೀಪ ಮುಟ್ಟದೆ ವಾಪಸಾದರೆ ಅದರ ಕೆಳಗೆ ಬಸ್ಸಿಳಿಯುವುದು ಹೇಗೆ ಎಂಬುದೊಂದೇ ನನ್ನ ಚಿಂತೆ.

ಎರಡನೇ ದಿನ ಮಧ್ಯಾಹ್ನಕ್ಕೆ ಒಳಗಿದ್ದ ಕ್ಯಾನಿನ ನೀರು ಅರ್ಧಕ್ಕೆ ಇಳಿಯಿತು. ಉಳಿದ ಮೂರು ಕ್ಯಾನುಗಳು ಹಗ್ಗದ ತುದಿಯಲ್ಲಿ ತೇಲುತ್ತ ಹಿಂದೆ ಬರುತ್ತಿದ್ದವು. ಹಿನ್ನೀರಿನಲ್ಲಿ ನಮ್ಮ ರೂಢಿ ಅದು. ನೀರು ತಂಪಾಗಿರುತ್ತದೆ, ದೋಣಿ ಹಗುರವಾಗಿರುತ್ತದೆ. ಮುಚ್ಚಳ ಸಡಿಲವಾದರೂ ಅಲ್ಲಿ ಒಳಗೆ ಸೇರುವುದು ಕುಡಿಯುವ ನೀರೇ.

ಹಿಂದೆ ಕೂತಿದ್ದ ಹುಜೈಫಾ ಒಂದು ಕ್ಯಾನ್ ಎಳೆದು ಬಾಯಿಗಿಟ್ಟವನೇ ಉಗಿದ.

"ಉಪ್ಪು ಕಣ್ಲಾ!"

ಉಳಿದೆರಡೂ ಉಪ್ಪೇ. ನನಗೆ ಪಿತ್ತ ನೆತ್ತಿಗೇರಿತು.

"ಮುಚ್ಚಳ ಬಿಗಿಯಾಕೂ ಬರಕಿಲ್ವೇನ್ಲಾ ನಿಂಗೆ? ಅದೇನ್ ಬಡಗಿನೋ ನೀನು!"

"ನಾನ್ ಕಟ್ಟಿಲ್ಲ."

"ಮತ್ತೆ ಮೀನು ಬಂದು ಕಟ್ತಾ?"

"ಬಾಯಿ ಮುಚ್ಕಂಡು ತಿರುಗ್ಸು. ಅರ್ಧ ಕ್ಯಾನಲ್ಲಿ ದಡ ಸೇರ್ಬೋದು. ಮುಂದೆ ಓದ್ರೆ ಐದು ದಿನ, ಎಣ ಆಯ್ತೀವಿ."

"ಎದ್ರುಕುಳ್ಳ! ನೀನೇ ಈಜ್ಕಂಡು ಓಗು. ನಾನು ಮುಂದಕ್ಕೇ."

ಅವನು ಹಿಂದಕ್ಕೆ ತಿರುಗಿಸಲು ಹುಟ್ಟು ಹಾಕಿದ. ನಾನು ಮುಂದಕ್ಕೆ ಹಾಕಿದೆ. ಕಯಾಕ್ ಅತ್ತಲೂ ಹೋಗದೆ, ಇತ್ತಲೂ ಹೋಗದೆ ಇದ್ದಲ್ಲೇ ಗಿರಗಿರನೆ ಸುತ್ತಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಅವನ ಅಪ್ಪನನ್ನೂ ಅಜ್ಜನನ್ನೂ ಬೈದೆ. ಅವನು ನನ್ನ ಇಡೀ ಕುಲವನ್ನೇ ಬೈದ. ಕೊನೆಗೆ ಒಂದು ಕ್ಯಾನಿನ ಉಪ್ಪುನೀರು ಚೆಲ್ಲಿ, ಖಾಲಿ ಕ್ಯಾನ್ ಎತ್ತಿ ನನ್ನ ಬೆನ್ನಿಗೆ ಎಸೆದ.

ತಿರುಗಿಸಿ ಅವನಿಗೇ ಎಸೆಯಲೆಂದು ಅದನ್ನು ಹಿಡಿದೆ. ಹಿಡಿಗೆ ಸುತ್ತಿದ್ದ ಹಗ್ಗ ಬೆರಳಿಗೆ ಸಿಕ್ಕಿತು. ಎರಡು ಸುತ್ತು, ಒಂದು ಮರುಮಡಿಕೆ, ತುದಿ ಒಳಗೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸುವ ಮೊದಲು ಎಲೆಗಳನ್ನು ಕಡ್ಡಿಗೆ ಕಟ್ಟುವ ಗಂಟು. ಹುಜೈಫಾ ಹುಟ್ಟಿದಾಗಿನಿಂದ ಒಂದು ಎಲೆಯನ್ನೂ ಕಟ್ಟಿದವನಲ್ಲ.

ಬಂದರಿನಲ್ಲಿ ಟಿವಿಯವರು ಕ್ಯಾಮೆರಾ ಹಿಡಿದಾಗ, ಅವರ ಕಡೆ ನೋಡುತ್ತಲೇ ಮುಚ್ಚಳಗಳನ್ನು ಅರೆಬರೆ ತಿರುಗಿಸಿ ಮೂರೂ ಕ್ಯಾನ್ ಕಟ್ಟಿ ಇಳಿಬಿಟ್ಟವನು ನಾನೇ.

"ನೋಡ್ದಾ?" ಎಂದ ಅವನು. "ಎಳ್ಕಳ್ವಾಗ್ಲೇ ಗಂಟು ನೋಡ್ದೆ ನಾನು. ನೀನೇ ಏಳ್ತೀಯ ಅಂತ ಸುಮ್ನಿದ್ದೆ."

ಗಂಟು ಬಿಚ್ಚಿ ಹಗ್ಗವನ್ನು ಸಮುದ್ರಕ್ಕೆ ಎಸೆದೆ. ಹುಟ್ಟು ಎತ್ತಿ ಅವನು ಹಾಕುವ ಕಡೆಗೇ ಹಾಕಿದೆ. ಕಯಾಕಿನ ಮೂತಿ ದಡದ ಕಡೆ ತಿರುಗಿತು.

ಎರಡು ದಿನ ಹುಟ್ಟು ಹಾಕಿದೆವು. ನೀರಿನ ಪಾಳಿ ಬಂದಾಗ ಅವನು ಲೋಟವನ್ನು ನನ್ನ ಭುಜಕ್ಕೆ ಕುಟ್ಟುತ್ತಿದ್ದ, ನಾನು ತಿರುಗದೆ ತೆಗೆದುಕೊಳ್ಳುತ್ತಿದ್ದೆ. ದಡದಲ್ಲಿ ಕಾಲಿಟ್ಟ ಮೇಲೆ ಅವನು ಬಾಯಿ ಬಿಟ್ಟ.

"ಫ್ಲೆಕ್ಸ್ ನೀನೇ ಬಿಚ್ಚು. ಆ ಗಂಟೂ ನೀನೇ ಆಕಿರೋದು."