ಖಂಡೆಪ್ಪನ ಗುರುತು

ಲಾರಿಯ ಹಿಂದಿನ ಗಾಲಿ ಹಳ್ಳದ ಉಸುಕಿನಲ್ಲಿ ಹೂತು ಗರಗರ ತಿರುಗತೊಡಗಿದಾಗ ಚಂದಮ್ಮ ಎರಡೂ ಕೈಯಿಂದ ಖಂಡೆಪ್ಪನ ತಲೆಯನ್ನು ಅವುಚಿ ಹಿಡಿದಳು. ಸತ್ತವನ ತಲೆಗೆ ಪೆಟ್ಟಾದರೆ ನೋಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನಸುಕಿನಲ್ಲಿ ಶಹಾಬಾದ ಬಿಟ್ಟು ವಾಡಿ, ಚಿತ್ತಾಪುರ, ಕಾಳಗಿ, ಚಿಂಚೋಳಿ ದಾಟಿ ಇಲ್ಲಿಗೆ ಬರುವವರೆಗೂ ಆ ತಲೆಯನ್ನು ಒಂದು ಸಲವೂ ಹಲಗೆಗೆ ಬಡಿಯಗೊಟ್ಟಿರಲಿಲ್ಲ. ತೊಡೆ ಜೋಮು ಹಿಡಿದು ತನ್ನದಲ್ಲವೆನ್ನುವಂತಾಗಿತ್ತು.

ಡ್ರೈವರ್ ಬಾಬುಮಿಯಾ ಇಳಿದು ಗಾಲಿ ನೋಡಿದ. ಬಿದಿರು ತುಂಬಿಕೊಳ್ಳಲು ಅಡವಿಗೆ ಖಾಲಿ ಹೊರಟಿದ್ದ ಲಾರಿ ಅದು. ಹೆಣವೆಂದ ಕೂಡಲೇ ಮೂವರು ಡ್ರೈವರುಗಳು ಮುಖ ತಿರುಗಿಸಿದ್ದರು. ಇವನೊಬ್ಬ ‘ಲಾರಿ ಹತ್ತು’ ಎಂದಿದ್ದ.

“ಇಳಿ, ಚಂದಮ್ಮ. ಟೊಂಗಿ ಮುರದು ಗಾಲಿ ಬುಡಕ ಹಾಕಬೇಕು.”

ಅವಳು ತನ್ನ ಹಳೆಯ ಸೀರೆಯನ್ನು ಮಡಿಚಿ ಹೆಣದ ತಲೆಯ ಕೆಳಗಿಟ್ಟು ಇಳಿದಳು. ಬೇಸಿಗೆಯ ಅಡವಿ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ನೆರಳೆಂಬುದು ಎಲ್ಲಿಯೂ ಇರಲಿಲ್ಲ. ಅಡವಿಯ ತಪಾಸಣೆ ನಾಕಾ ದಾಟಿ ಎರಡು ತಾಸಾಗಿದ್ದರೂ ಒಂದು ನರಪಿಳ್ಳೆ ಎದುರಾಗಿರಲಿಲ್ಲ. ಇಬ್ಬರೂ ಟೊಂಗೆ ಮುರಿದು ಹಾಸಿದರು.

“ಭಾಳ ಹೊತ್ತಾತು,” ಎಂದ ಬಾಬುಮಿಯಾ. ಹೆಣದ ವಾಸನೆ ಅವನಿಗೂ ಬಂದಿತ್ತು. ಆ ಮಾತು ಎತ್ತಲಿಲ್ಲ. “ಊರಾಗ ನೀ ಯಾರಂತ ಕೇಳತಾರ. ಏನ್ ಹೇಳತಿ?”

ಚಂದಮ್ಮ ಇನ್ನೊಂದು ಟೊಂಗೆ ತಂದು ಗಾಲಿಯ ಬುಡಕ್ಕೆ ತುರುಕಿದಳು.

“ಖಣಿಯಾಗ ಕಲ್ಲು ಹೊರೋಕಿ ಅಂತ ಹೇಳು. ಮಂದಿ ಕೂಡಿ ಕಳಿಸ್ಯಾರ, ಜತಿಗೆ ಬಂದೀನಿ ಅನ್ನು. ಸುಳ್ಳೇನಲ್ಲ ಅದು.”

“ಸುಳ್ಳಲ್ಲ,” ಎಂದಳು ಅವಳು.

*

ಖಂಡೆಪ್ಪ ಒಂದು ಬೇಸಿಗೆಯ ಮಟ್ಟಿಗೆಂದು ಶಹಾಬಾದಿಗೆ ಬಂದವನು. ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ನುಣುಪು ಮಾಡುವ ಮಷೀನಿನ ಮುಂದೆ ನಿಂತವನು ಹದಿನಾಲ್ಕು ವರ್ಷ ನಿಂತ. ಗಂಡ ಸತ್ತ ಚಂದಮ್ಮ ಅಲ್ಲಿ ಒಡೆದ ಚೂರು ಹೊರುತ್ತಿದ್ದಳು. ಮೊದಲ ದಿನವೇ ಅವನು, “ಊರಾಗ ಹೇಣ್ತಿ ಇದ್ದಾಳ. ಶರಣಬಸಮ್ಮ ಅಂತ,” ಎಂದು ಹೇಳಿದ್ದ. ಅವಳು ಆ ಹೆಸರನ್ನು ಕೇಳಿಸಿಕೊಂಡೇ ಅವನಿಗೂ ಸೇರಿಸಿ ರೊಟ್ಟಿ ಬಡಿದಳು. ಅವರಿಗೆ ಯಾರೂ ಮದುವೆಯ ಅಕ್ಕಿಕಾಳು ಹಾಕಲಿಲ್ಲ, ಮಕ್ಕಳೂ ಆಗಲಿಲ್ಲ.

ಪ್ರತಿ ವರ್ಷ, “ಈ ಸಲ ಹೋಗಿ ಬರತೀನಿ,” ಎನ್ನುತ್ತಿದ್ದ. ಒಮ್ಮೆ ಹೋದ ಕೂಡ. ಮಾರನೆಯ ದಿನವೇ ತಿರುಗಿ ಬಂದ. ಚಿಂಚೋಳಿ ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕುಳಿತು, ತನ್ನೂರಿನ ಕಡೆ ಹೋಗುವ ಕುಂಚಾವರಂ ಬಸ್ಸು ಎರಡು ಸಲ ಬಂದು ಹೋದದ್ದನ್ನು ನೋಡಿ ಎದ್ದು ಬಂದಿದ್ದ. “ಏನ್ ಮುಖ ತಗೊಂಡು ಹೋಗಲಿ,” ಎಂದಷ್ಟೇ ಹೇಳಿದ. ಆಮೇಲೆ ಅವಳು ಕೇಳಲಿಲ್ಲ.

ಕಲ್ಲಿನ ಪುಡಿ ಎದೆಗಿಳಿದು ಉಸಿರಾಡುವುದೇ ಕಷ್ಟವಾದಾಗ, ಗೋಡೆಗೆ ಆತುಕೊಂಡು ಅವನು ಕೇಳಿದ್ದು ಒಂದೇ. “ನನ್ನ ಊರಿಗೆ ಒಯ್ಯಿ. ಅಪ್ಪನ ಮಗ್ಗಲಾಗ ಇಡಸು.”

“ಹದಿನಾಲ್ಕು ವರ್ಷ ನನ್ನ ಮಗ್ಗಲ ಸಾಕಾಗಲಿಲ್ಲೇನು?” ಎಂದಿದ್ದಳು ಚಂದಮ್ಮ. ಆ ಮಾತಿನ ನಂತರ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಗಂಜಿ ಕುಡಿಸುವಾಗಲೂ ಮುಖ ಬೇರೆ ಕಡೆ ಮಾಡಿದ್ದಳು. ಮೂರನೆಯ ದಿನ ಹೊತ್ತು ಮುಳುಗುವಾಗ ಅವನು ಹೋದ.

*

ಊರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಇಪ್ಪತ್ತು ಮೂವತ್ತು ಮನೆ, ನಾಲ್ಕೂ ಕಡೆ ಅಡವಿ. ಖಂಡೆಪ್ಪನ ಅಣ್ಣ ಅಮೃತಪ್ಪ ಕೋಲೂರಿ ಬಂದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೆಣವನ್ನು ಮನೆಯ ಮುಂದಿನ ಕಟ್ಟೆಯ ಮೇಲಿಳಿಸಿದರು. ಮುದುಕ ಮುಖ ತಡವಿ ನೋಡಿ ಕೈ ಹಿಂದೆಗೆದ.

“ನಂಗ ತಿಳೀವಲ್ದು. ಬರೇ ಎಲುಬು ಅದ. ಶರಣಬಸಮ್ಮ, ನೀನೇ ನೋಡವ್ವ.”

ಶರಣಬಸಮ್ಮ ಒಳಗಿನಿಂದ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಹಣೆಯ ತುಂಬ ಕುಂಕುಮ. ಬಾಗಿ ಬಹಳ ಹೊತ್ತು ನೋಡಿದಳು. ಚಂದಮ್ಮ ಲಾರಿಗೆ ಆತು ನಿಂತು ಅವಳನ್ನೇ ನೋಡುತ್ತಿದ್ದಳು.

“ಇವರಲ್ಲ,” ಎಂದಳು ಶರಣಬಸಮ್ಮ.

“ಅಕ್ಕಾ, ಖಂಡೆಪ್ಪನೇ ಅವ,” ಎಂದ ಬಾಬುಮಿಯಾ. “ಹತ್ತು ವರ್ಷದಿಂದ ನೋಡೀನಿ.”

“ನನ್ನ ಗಂಡಗ ತೊಲಿಯಂಥ ತೋಳಿದ್ದವು. ಸಾಗವಾನಿ ದಿಮ್ಮಿ ಒಬ್ಬರೇ ಹೊರತಿದ್ದರು. ಇವರು ಯಾರೋ ಮುದುಕರು.”

“ರೋಗ ಬಂದು ಸೊರಗ್ಯಾನ...”

“ಇವರಲ್ಲ ಅಂದೆ. ಅವರು ಬರತಾರ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಮೃತಪ್ಪ ಕೋಲಿನಿಂದ ನೆಲ ಕೆರೆದ. “ನೋಡಪಾ ಸಾಬಾ, ಹೇಣ್ತಿನೇ ಅಲ್ಲ ಅಂದಮ್ಯಾಲ ಗುರುತಿಲ್ಲದ ಹೆಣ ಅಪ್ಪನ ಹೊಲದಾಗ ಹ್ಯಾಂಗ ಇಡಲಿ? ತಿರುಗಿ ಒಯ್ಯಿ.”

“ಈ ಬಿಸಲಾಗ? ನೂರು ಮೈಲು?”

ಯಾರೋ ಮೂಗಿಗೆ ಸೆರಗು ಹಿಡಿದರು. ಬಾಬುಮಿಯಾ ತಿರುಗಿ ಚಂದಮ್ಮನನ್ನು ನೋಡಿದ. ಬೇಡವೆನ್ನುವಂತೆ ಸಣ್ಣಗೆ ತಲೆಯಾಡಿಸಿದ.

ಅವಳು ಮುಂದೆ ಬಂದಳು.

“ಸಣ್ಣವರಿದ್ದಾಗ ಕಾಮಣಿ ಬ್ಯಾನಿ ಆಗಿತ್ತಂತ,” ಎಂದಳು. “ಅವರವ್ವ ಬರಿ ಹಾಕ್ಯಾಳ. ಎಡ ತೊಡಿ ಮ್ಯಾಲ, ಟೊಂಕದ ಬುಡಕ. ಮೂರು ಬರಿ. ನಡುಕಿಂದು ಕೆಳಗಿಂದಕ್ಕ ಕೂಡೇದ.”

ಧೋತರದ ಒಳಗಿನ ಗುರುತು ಕಲ್ಲು ಹೊರುವವಳಿಗೆ ಹೇಗೆ ತಿಳಿಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬ ಮುದುಕಿ ಕ್ಯಾಕರಿಸಿ ಉಗುಳಿದಳು. ಚಂದಮ್ಮ ಕೈ ಕಟ್ಟಿಕೊಂಡು ನಿಂತೇ ಇದ್ದಳು.

ಶರಣಬಸಮ್ಮ ಹೊದಿಕೆಯ ಕೆಳಗೆ ಕೈ ಹಾಕಿ ಧೋತರ ಸರಿಸಿ ನೋಡಿದಳು. ಮತ್ತೆ ಮೊದಲಿನಂತೆಯೇ ಹೊದಿಸಿ, ಅಂಚು ಸರಿಮಾಡಿದಳು. ಆಮೇಲೆ ಅವಳು ನೋಡಿದ್ದು ಹೆಣವನ್ನಲ್ಲ, ಚಂದಮ್ಮನನ್ನು.

“ಹೌದು,” ಎಂದಳು. ಅಲ್ಲಿಯೇ ಕುಸಿದು ಕುಳಿತಳು. ಅಳು ಬರಲು ತಡವಾಯಿತು.

*

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಮೈ ತೊಳೆದು, ವಿಭೂತಿ ಹಚ್ಚಿ, ಹೊಲದಲ್ಲಿ ತಂದೆಯ ಮಗ್ಗುಲಲ್ಲೇ ಕುಣಿ ತೋಡಿ ಕೂಡಿಸಿದರು. ಬಾಬುಮಿಯಾ ತಲೆಗೆ ಕರವಸ್ತ್ರ ಕಟ್ಟಿಕೊಂಡು ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದ. ಚಂದಮ್ಮನನ್ನು ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಊರ ಹೊರಗಿನ ಇಪ್ಪೆ ಮರದ ಬುಡದಲ್ಲಿ ಕುಳಿತಿದ್ದಳು. ಹೊಲ ಅಲ್ಲಿಂದ ಕಾಣುತ್ತಿರಲಿಲ್ಲ. ಸಲಿಕೆಯ ಸದ್ದು ಮಾತ್ರ ಕೇಳುತ್ತಿತ್ತು. ಅದೂ ನಿಂತಿತು.

ಬಾಬುಮಿಯಾ ಲಾರಿಯನ್ನು ತಿರುಗಿಸುತ್ತಿದ್ದಾಗ ಶರಣಬಸಮ್ಮ ಒಬ್ಬಳೇ ಬಂದಳು. ತಲೆಯಿಂದ ನೀರು ಇಳಿಯುತ್ತಿತ್ತು, ಹಣೆ ಬೋಳಾಗಿತ್ತು. ಹೊಡೆಯಲು ಬಂದಳೇನೋ ಎಂದು ಚಂದಮ್ಮ ಎದ್ದು ನಿಂತಳು. ಹೊಡೆದರೆ ಹೊಡೆಸಿಕೊಳ್ಳುವುದೆಂದು ನಿಂತಳು.

“ಕುಂದುರು,” ಎಂದಳು ಶರಣಬಸಮ್ಮ. ತಾನೂ ಎರಡು ಮಾರು ದೂರದಲ್ಲಿ ಕುಳಿತಳು. ಒದ್ದೆ ಕೂದಲು ಹಿಂಡಿ ಗಂಟು ಹಾಕಿಕೊಂಡಳು.

“ಅವರ ಮಾರಿ ಮರತಿದ್ದೆ,” ಎಂದಳು ಕೊನೆಗೆ. “ಬೇಕಂತನೇ ‘ಇವರಲ್ಲ’ ಅನಲಿಲ್ಲ ನಾ. ಖರೆನೇ ಗುರುತು ಸಿಗಲಿಲ್ಲ. ದನಿನೂ ನೆನಪಿಲ್ಲ. ನಿನ್ನ ಏನಂತ ಕರೀತಿದ್ದರು?”

“ಕರೀತಿರಲಿಲ್ಲ, ಅಕ್ಕಾ. ಹೆಸರು ಹಿಡದು ಒಂದ್ ದಿನಾನೂ ಕರೀಲಿಲ್ಲ.”

“ಮತ್ತ?”

“ಬಾಗಲದಾಗ ನಿಂತು ಕೆಮ್ಮತಿದ್ದರು. ಬಂದೀನಿ ಅಂತ.”

“ಹ್ಯಾಂಗ?”

ಚಂದಮ್ಮ ಸೆರಗಿನಿಂದ ಬಾಯೊರೆಸಿಕೊಂಡಳು. ಎದೆಯ ಆಳದಿಂದ ಎಳೆದು, ನಡುವೆ ತುಸು ತಡೆದು, ಎರಡು ಸಲ ಕೆಮ್ಮಿದಳು.

ಶರಣಬಸಮ್ಮ ತಲೆ ಓರೆ ಮಾಡಿ ಕೇಳಿದಳು. ಸ್ವಲ್ಪ ಹತ್ತಿರ ಸರಿದು ಕುಳಿತಳು.

“ಇನ್ನೊಮ್ಮಿ,” ಎಂದಳು.