ತುಂಬಿದ ಬಾಟಲಿಗಳು

ಹೇಳಿಬಿಡಲೇ, ಅಥವಾ ಅವನಾಗಿ ಮುಗ್ಗರಿಸುವ ತನಕ ಸುಮ್ಮನಿರಲೇ? ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದ ಎನ್ನುತ್ತಾರೆ. ಹೊಟ್ಟೆಕಿಚ್ಚಂತೂ ಇತ್ತು.

ಹೀಗೆ ಯೋಚಿಸುತ್ತಿದ್ದವನೇ ಹಿಂದೆ ಶಿಫಾರಸು ಮಾಡಿ ತನ್ನ ಹೆಂಡತಿಯ ತಮ್ಮನನ್ನು ಪ್ರಯೋಗಾಲಯಕ್ಕೆ ಸೇರಿಸಿದ್ದ. ಅಂದಿನಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವನು ಬರೀ 'ಭಾವ'. ಸ್ವಂತ ಹೆಸರೂ ಭಾಮೈದನ ಪಾಲಾದಂತಿತ್ತು.

ಇಬ್ಬರದೂ ಒಂದೇ ಕೆಲಸ: ಇಲಿಗಳಿಗೆ ಮದ್ಯ ಬೆರೆಸಿದ ನೀರಿಟ್ಟು, ಗಿಡದ ಸಾರ ಕೊಟ್ಟು, ಲಿವರ್ ಉಳಿಯುತ್ತದೆಯೇ ಎಂದು ನೋಡುವುದು. ಭಾವನದು ಬೇರು, ಭಾಮೈದನದು ಎಲೆ. ಗೆದ್ದದ್ದೊಂದೇ ಆಸ್ಪತ್ರೆಯ ರೋಗಿಗಳವರೆಗೆ ಹೋಗುವುದು. ಭಾವ ಒಂದೊಂದೇ ಇಲಿಯನ್ನು ಹಿಡಿದು ಕೊಳವೆಯಿಂದ ಗಂಟಲಿಗೆ ಸಾರ ಇಳಿಸುತ್ತಿದ್ದ. ಕೈತುಂಬ ಕಚ್ಚಿದ ಗಾಯ. ಭಾಮೈದನೋ, ಸಾರವನ್ನು ಮದ್ಯದ ಬಾಟಲಿಗೇ ಸುರಿದು ಸಿಳ್ಳೆ ಹಾಕುತ್ತ ಹೋಗುತ್ತಿದ್ದ. ಆದರೂ ಮೊದಲ ತಂಡವನ್ನು ಕೊಯ್ದಾಗ ಭಾವನ ಇಲಿಗಳ ಲಿವರ್ ಹಳದಿಗಟ್ಟಿ ಊದಿತ್ತು, ಭಾಮೈದನ ಇಲಿಗಳದು ಕೆಂಪಗೆ ಹೊಳೆಯುತ್ತಿತ್ತು.

"ನನ್ನ ತಮ್ಮನ ಕೈಗುಣಾನೇ ಹಾಗೆ," ಎಂದಿದ್ದಳು ಹೆಂಡತಿ ಬಡಿಸುತ್ತ. "ನೀವೂ ಸ್ವಲ್ಪ ಕಲೀಬಾರ್ದಾ?"



ನಿನ್ನೆ ಭಾಮೈದನ ಪಂಜರಗಳ ಮುಂದೆ ಹಾದುಹೋಗುವಾಗ ಭಾವನ ಕಣ್ಣಿಗೆ ಬಿತ್ತು: ಬಾಟಲಿಗಳು ಮುಕ್ಕಾಲು ತುಂಬಿಯೇ ಇದ್ದವು. ಒಂದು ಹನಿ ನಾಲಿಗೆಗೆ ಮುಟ್ಟಿಸಿದ. ಎಲೆಯ ಸಾರದಿಂದ ವಿಷದಂಥ ಕಹಿ. ಇಲಿಗಳು ಮದ್ಯ ಕುಡಿದಿದ್ದರಲ್ಲವೇ ಲಿವರ್ ಕೆಡುವುದು!

ಇಂದು ಸಭೆ. ಭಾವ ಬಾಯಿ ಬಿಡದೆ ಹಿಂದಿನ ಕುರ್ಚಿಯಲ್ಲಿ ಕುಳಿತ. ಭಾಮೈದ ಲಿವರ್ ಚಿತ್ರಗಳನ್ನು ತೋರಿಸಿ ಮುಗಿಸಿದ ಮೇಲೆ ಪ್ರಯೋಗಾಲಯದ ಮುಖ್ಯಸ್ಥೆ ಕೇಳಿದರು, "ಇಲಿಗಳು ಎಷ್ಟು ಮದ್ಯ ಕುಡಿದಿದ್ವಪ್ಪ?"

"ಅಳೆದಿಲ್ಲ ಮೇಡಂ."

"ಹೋಗಿ ಒಂದು ಬಾಟಲಿ ತಗೊಂಡು ಬಾ."

ತಂದ, ನೋಡಿದ, ರುಚಿ ನೋಡಿ ಮುಖ ಕಿವುಚಿದ. ಭಾವ ಮುಂದಕ್ಕೆ ಬಾಗಿದ, ಆ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡಲು.

ಭಾಮೈದ ಗೊಳ್ಳನೆ ನಕ್ಕ. "ಮೇಡಂ, ಇದು ಲಿವರ್ ಉಳಿಸೋ ಸೊಪ್ಪಲ್ಲ, ಕುಡಿತ ಬಿಡಿಸೋ ಸೊಪ್ಪು!"

ಕೋಣೆಗೆ ಕೋಣೆಯೇ ನಕ್ಕಿತು. ಮುಖ್ಯಸ್ಥೆಯೂ ಕಣ್ಣೊರೆಸಿಕೊಂಡರು. "ಮೊದಲಿಂದ ಶುರು ಮಾಡು. ಈ ಸಲ ನಿನ್ನ ಭಾವನ ಥರ ಕೊಳವೆ ಹಿಡಿ."

ಸೋತರೂ ಅವನೇ ಮುದ್ದು. ಭಾವನ ಎದೆಯೊಳಗೆ ಮತ್ತೆ ಉರಿ ಎದ್ದಿತು.

ಹೊರಗೆ ಭಾಮೈದ ಅವನ ಹೆಗಲಿಗೆ ಕೈ ಹಾಕಿದ. "ತಪ್ಪು ನಂದೇ ಭಾವ. ನಿಮ್ಮನ್ನ ಒಂದ್ಸಲ ಕರೆದು ಬಾಟಲಿ ತೋರಿಸಿದ್ದಿದ್ರೆ ಆವತ್ತೇ ಕಿವಿ ಹಿಂಡ್ತಿದ್ರಿ. ಕೊಳವೆ ಹಾಕೋದು ಹೇಳ್ಕೊಡ್ತೀರಾ?"

ಭಾವ ಇಲಿಯ ಕತ್ತು ಹಿಡಿಯುವ ಬಗೆ ತೋರಿಸಿಕೊಟ್ಟ. ಬಾಟಲಿಗಳನ್ನು ತಾನು ಮೊದಲೇ ನೋಡಿದ್ದೆ ಎಂದು ಮಾತ್ರ ಅವನಿಗೆ ಎಂದೂ ಹೇಳಲಿಲ್ಲ.