ಕೆಂಪು ದಾರದ ಕೀ

ಬಂಗುಡೆ ವಾಸನೆ ಇನ್ನೂ ಹೋಗಿಲ್ಲ, ಎರಡು ಸಲ ಸೋಪಿನ ಪುಡಿ ಹಾಕಿ ತಿಕ್ಕಿದ್ದಾಯಿತು, ಒಂದು ಸಲ ಫಿನಾಯಿಲು, ಆದರೂ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ಮೂಗಿಗೆ ಹೊಡೆಯುತ್ತದೆ, ಹೊಡೆಯಲಿ, ಮೀನು ಹಿಡಿದವನ ಮನೆಯಿಂದ ಹೊರಡುವ ರಾಕೆಟ್ಟಿಗೆ ಮಲ್ಲಿಗೆ ಘಮ ಎಲ್ಲಿಂದ ಬರಬೇಕು — ಪದ್ದು ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮುಚ್ಚಳದ ಒಳಗಡೆ ಅಂಟಿಸಿದ ಪಟ್ಟಿ ನೋಡಿದ, ಕಾಲೇಜಿನ ಗೌರೀಶ್ ಸರ್ ಬರೆದದ್ದು, ಸಾಲಿಗ್ರಾಮದವರ ಗುಂಡು ಗುಂಡು ಅಕ್ಷರ, ಮೊದಲನೆಯದು ಉಡಾವಣೆಯ ಸರಳು, ಎರಡನೆಯದು ಮುಕ್ಕಾಲಿ, ಮೂರನೆಯದು ವೈರು ಮತ್ತು ಕ್ಲಿಪ್ಪು, ಹೀಗೆ ಹದಿನೇಳು, ಹದಿನೇಳರಲ್ಲಿ ಎಲ್ಲೂ ಕತ್ತಿ ಎಂದು ಇಲ್ಲ, ಆದರೆ ಕತ್ತಿ ಆಗಲೇ ಪೆಟ್ಟಿಗೆಯ ತಳದಲ್ಲಿ ಮಲಗಿದೆ, ಬೆಂಕಿ ಬಿದ್ದರೆ ಮುಚ್ಚಲು ಇಟ್ಟ ಒದ್ದೆ ಗೋಣಿಯ ಅಡಿಯಲ್ಲಿ, ನಿನ್ನೆಯೇ ಮಸೆದು ಇಟ್ಟದ್ದು. ಏಳೂವರೆಗೆ ಕಾಲೇಜಿನ ವ್ಯಾನು ಬರುತ್ತದೆ, ಉಪ್ಪುಂದದ ಕೊಯ್ದಾದ ಗದ್ದೆಗೆ ಹೋಗಬೇಕು, ಕಡಲಗಾಳಿ ಏಳುವುದರೊಳಗೆ ಮೂರು ರಾಕೆಟ್ಟು ಹಾರಬೇಕು, ಮತ್ತೆ ಅವನೂ ಬರುತ್ತಾನಂತೆ, ಮನೀಷ, ಪಕ್ಕದ ಮನೆ ಸೀತುವಿನ ಮಗ, ನಿನ್ನೆ ಊಟಕ್ಕೆ ಕೂತಾಗ ಮಗಳು ಪೂಜಿತಾ ಉಪ್ಪಿನಕಾಯಿ ಕೇಳುವ ಹಾಗೆ ಹೇಳಿದಳು, ಅಪ್ಪಯ್ಯ, ಮನೀಷನ್ನೂ ಕರ್ದಿದೆ, ಬತ್ತ. ಬರಲಿ. ಬಲಗೈ ಮಣಿಕಟ್ಟು, ಬಂಗುಡೆಯ ತಲೆ ತೆಗೆಯುವ ಹಾಗೆ ಒಂದೇ ಏಟು, ಆ ಬಟನ್ ಒತ್ತಿದ ಕೈ ಗದ್ದೆಯಲ್ಲಿ ಬಿದ್ದು ಒದ್ದಾಡಬೇಕು, ಹೆಂಡತಿ ವನಜ ಒಳಗೆ ಚಾ ಸೋಸುತ್ತಿದ್ದಾಳೆ, ಲೋಟದ ಸದ್ದು, ಅವಳಿಗೇನೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಸರಳನ್ನು ಬಟ್ಟೆಯಿಂದ ಒರೆಸಬೇಕು, ಉಪ್ಪುಗಾಳಿಗೆ ಸ್ಟೀಲೂ ಚುಕ್ಕೆ ಬೀಳುತ್ತದೆ ಈ ಮರವಂತೆಯಲ್ಲಿ, ಆಚೆ ಕಡಲು, ಈಚೆ ಹೊಳೆ, ನಡುವೆ ರಸ್ತೆ, ಬಾಗಿಲ ಚಿಲಕ ವರ್ಷಕ್ಕೊಂದು ಬದಲಿಸಬೇಕು — ಒರೆಸಿದ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಹೋದ ವರ್ಷ ಅವತ್ತೂ ಇದೇ ಸರಳು, ಇದರ ಮೇಲೆಯೇ ಆ ರಟ್ಟಿನ ರಾಕೆಟ್ಟು ಕೂತಿತ್ತು, ಮೊಣಕೈ ಉದ್ದ, ನೀಲಿ ಬಣ್ಣ, ಪೂಜಿತಾಳೇ ಬಳಿದದ್ದು, ಕ್ಲಿಪ್ಪು ಕಳಚಿತ್ತು ಎಂದು ಅವಳು ಬಗ್ಗಿದ್ದಳು, ಜಡೆ ಮುಂದೆ ಜಾರಿತು, ಎಡಗೈಯಲ್ಲಿ ಜಡೆ ಹಿಂದಕ್ಕೆ ಹಾಕಿಕೊಂಡಳು, ಬಲಗೈಯಲ್ಲಿ ಕ್ಲಿಪ್ಪು ಸಿಕ್ಕಿಸಿದಳು, ಅಷ್ಟರಲ್ಲೇ ಸುಂಯ್ — ಅಯ್ಯೋ ಆ ಸದ್ದು, ಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ಹಾಗೆ, ಅಷ್ಟೇ, ದೊಡ್ಡ ಸದ್ದೂ ಅಲ್ಲ, ಮಗಳು ಅಂಗಾತ ಬಿದ್ದಿದ್ದಾಳೆ, ಮುಖದ ಬಲಗಡೆ ಹೊಗೆ ಏಳುತ್ತಿದೆ, ಕಣ್ಣು ಇರಬೇಕಾದಲ್ಲಿ ಕೆಂಪು ಮಾತ್ರ, ಕೆಂಪು ಹರಿದು ಕಿವಿಯೊಳಗೆ ಇಳಿಯುತ್ತಿದೆ, ಪದ್ದು ಓಡಲಿಲ್ಲ, ಮೊದಲು ತಿರುಗಿ ನೋಡಿದ, ಯಾಕೆ ತಿರುಗಿದೆನೋ ದೇವರಿಗೇ ಗೊತ್ತು, ಹಿಂದೆ ಮೇಜಿನ ಮೇಲೆ ಕಂಟ್ರೋಲ್ ಡಬ್ಬ, ಡಬ್ಬದಲ್ಲಿ ಕೀ, ಕೀಗೆ ಕಟ್ಟಿದ ಕೆಂಪು ದಾರ ತೂಗುತ್ತಿತ್ತು, ಆಚೆ ಈಚೆ, ಆಚೆ ಈಚೆ. ಅದರ ಪಕ್ಕದಲ್ಲಿ ಮನೀಷ, ಬಟನ್ ಮೇಲೆ ಹೆಬ್ಬೆರಳು, ಬಾಯಿ ಇನ್ನೂ ನಗುತ್ತಲೇ ಇತ್ತು, ನಗು ನಿಲ್ಲಿಸಲು ಮರೆತು ಹೋದ ಹಾಗೆ. ಆ ನಗುವನ್ನು ಮುರಿದದ್ದು ನಾನೇ, ಕುಂದಾಪುರದ ಆಸ್ಪತ್ರೆಯ ವರಾಂಡದಲ್ಲಿ, ಬೆಂಚಿನಿಂದ ಎದ್ದು ಅವನು ಏನೋ ಹೇಳಲು ಬಂದ, ಮಾವ, ನಾನ್ ಕೀ ಹಾಕ್ಲಿಲ್ಲೆ, ಕೀ ಇಲ್ಲೆ ಅಂದೇಳಿ ತಮಾಷೆಗೆ ಒತ್ತದ್ದ್, ಕೀ ಮೊದ್ಲೇ ಇದ್ದಿತ್ — ಮೊದಲೇ ಇತ್ತು ಎಂಬ ಮಾತು ಮುಗಿಯುವ ಮೊದಲೇ ಮುಷ್ಟಿ ಹೋಗಿತ್ತು, ಬಾಯಿಗೆ ಸರಿಯಾಗಿ, ಗೆಣ್ಣಿಗೆ ಹಲ್ಲು ನೆಟ್ಟಿತು, ಎರಡು ಹಲ್ಲು ನೆಲದ ಮೇಲೆ ಟಿಕ್ ಟಿಕ್ ಎಂದು ಹಾರಿದವು, ನರ್ಸು ಕಿರುಚಿದಳು, ಇನ್ನೊಂದು ಬಿಗಿದ, ಮತ್ತೊಂದು, ಸೀತು ಮೀನಿನ ಬುಟ್ಟಿ ಅಲ್ಲೇ ಬಿಟ್ಟು ಓಡಿ ಬಂದವಳು ಕಾಲು ಹಿಡಿದಳು, ಪದ್ದು, ನನ್ ಮಗ ಸುಳ್ ಹೇಳುವನಲ್ಲ ಮಾರಾಯ, ದೇವ್ರ್ ಕಾಣ್ತ, ಅವಳನ್ನೂ ಒದ್ದ, ಹೌದು ಒದ್ದ, ಹೆಂಗಸನ್ನು, ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಕುಡಿದ ಹೆಂಗಸನ್ನು. ಗೆಣ್ಣಿನ ಗಾಯದ ಕಲೆ ಈಗಲೂ ಇದೆ, ಚಳಿಗೆ ಎಳೆಯುತ್ತದೆ.

ಪ್ಯಾರಾಶೂಟು ಆಯಿತು, ಅದರ ಮಡಿಕೆ ಅಂಟದ ಹಾಗೆ ಪೌಡರು ಬೇಕು, ವನಜಳ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯೇ ಆಯಿತು, ಟೇಪು, ಕತ್ತರಿ, ಸುಡದ ಕಾಗದ, ಬ್ಯಾಟರಿ ಮಾತ್ರ ಭಾರ, ದೋಣಿಯದ್ದೇ ಹಳೆಯ ಹನ್ನೆರಡು ವೋಲ್ಟು — ವಿಚಾರಣೆ ನಡೆದದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ, ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು, ಗೌರೀಶ್ ಸರ್ ತಲೆ ಎತ್ತದೆ ಕೇಳಿದರು, ಪದ್ದಣ್ಣ, ಕೀ ಯಾರ್ ಹತ್ರ ಇದ್ದಿತ್? ಹತ್ತು ವರ್ಷ ಅವರ ಲ್ಯಾಬಿನಲ್ಲಿ ನಾನು ಅಟೆಂಡರ್, ಒಂದು ಗಾಜಿನ ಲೋಟ ಒಡೆಯಲಿಲ್ಲ, ನಿಯಮ ಬರೆದು ಗೋಡೆಗೆ ಹಚ್ಚಿದ್ದೇ ಅವರು, ರಾಕೆಟ್ಟಿನ ಹತ್ತಿರ ಯಾರಾದರೂ ಹೋಗುವಾಗ ಕೀ ಡಬ್ಬದಲ್ಲಿ ಇರಬಾರದು, ಕೀ ಪದ್ದಣ್ಣನ ಕೊರಳಲ್ಲಿ ಇರಬೇಕು, ಕೀ ಇಲ್ಲದ ಬಟನ್ನನ್ನು ಸಾವಿರ ಸಲ ಒತ್ತಿದರೂ ಕಿಡಿ ಹತ್ತುವುದಿಲ್ಲ, ಅದಕ್ಕೇ ಪೂಜಿತಾ ಧೈರ್ಯವಾಗಿ ಬಗ್ಗಿದ್ದು, ಅಪ್ಪಯ್ಯನ ಕೊರಳಲ್ಲಿ ಕೀ ಇದೆ ಎಂದು. ನನ್ನ ಕೊರಳಲ್ಲೇ ಇತ್ತು ಸರ್, ಅವನೇ ಬಂದು ಇಸ್ಕೊಂಡ. ಬಾಯಿಂದ ಬಂದೇ ಬಿಟ್ಟಿತು, ಒಂದು ಸಲ ಬಂದ ಮೇಲೆ ಅದೇ ನಿಜ, ಮನೀಷನ ತುಟಿ ಹೊಲಿದಿದ್ದರು, ಮಾತಾಡಲು ಆಗಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದ, ಇಲ್ಲೆ ಇಲ್ಲೆ ಎಂದು, ಕಾಲೇಜಿನಿಂದ ತೆಗೆದರು, ಈಗ ಗಂಗೊಳ್ಳಿಯಲ್ಲಿ ಐಸ್ ಹೊರುತ್ತಾನೆ, ಹೊರಲಿ ಬೇವರ್ಸಿ, ಕೀ ಅವನೇ ಹಾಕಿದ್ದು, ಅವನ ಕೈ ಬಂತು, ಕೊರಳಿಗೆ ಬಂತು, ದಾರ ತೆಗೆಯಿತು, ಡಬ್ಬಕ್ಕೆ ಚುಚ್ಚಿತು, ಪದ್ದು ಕಣ್ಣು ಮುಚ್ಚಿ ಅದನ್ನು ಕಾಣಲು ನೋಡಿದ, ದಿನಾ ನೋಡುತ್ತಾನೆ, ಒಂದು ವರ್ಷದಿಂದ, ಕೊರಳು ಕಾಣುತ್ತದೆ, ಡಬ್ಬ ಕಾಣುತ್ತದೆ, ದಾರ ತೂಗುವುದು ಕಾಣುತ್ತದೆ, ಆ ಕೈಯೊಂದು ಕಾಣುವುದಿಲ್ಲ.

ಹನ್ನೊಂದನೆಯದು, ಕಂಟ್ರೋಲ್ ಡಬ್ಬ ಪರೀಕ್ಷೆ, ಬ್ಯಾಟರಿಗೆ ವೈರು ಸಿಕ್ಕಿಸಿ, ಕೀ ಹಾಕಿ, ತಿರುಗಿಸಿ, ಕೆಂಪು ದೀಪ ಹತ್ತಿದರೆ ಸರಿ — ಹತ್ತಿತು, ಒಳ್ಳೆಯದಾಯಿತು, ದೋಣಿಯ ಬ್ಯಾಟರಿ ಇನ್ನೂ ಸತ್ತಿಲ್ಲ, ಆ ದೋಣಿಯೇ ಸತ್ತು ಎಷ್ಟೋ ವರ್ಷ ಆಯಿತು, ಅಪ್ಪಯ್ಯ ದುಗ್ಗಪ್ಪನೂ ಸತ್ತ, ಹೊಡೆದು ಹೊಡೆದು ಕೈ ಸೋತು ಸತ್ತ, ಅವನಿದ್ದಾಗ, ತೊಂಬತ್ತೇಳರಲ್ಲಿ ಹೊಸ ಇಂಜಿನ್ ಹಾಕಿಸಿದ ವರ್ಷ, ಗಂಗೊಳ್ಳಿ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಬಾಯಲ್ಲಿ, ಪದ್ದು ಇಂಜಿನ್ ನಿಲ್ಲಿಸಿ ಸುಮ್ಮನೆ ಕೀ ಎಳೆದು ಕಿಸೆಗೆ ಹಾಕಿದ್ದ, ಮೋಟರ್ ಸೈಕಲ್ಲಿನವರ ಹಾಗೆ, ಶೋಕಿಗೆ, ತೆರೆ ಎದ್ದಿತು, ಕೀ ಕೀ ಎಂದು ಅಪ್ಪಯ್ಯ ಬೊಬ್ಬೆ ಹೊಡೆದ, ಒದ್ದೆ ಕಿಸೆಯಿಂದ ಕೀ ಬರಲಿಲ್ಲ, ದೋಣಿ ಅಡ್ಡ ತಿರುಗಿತು, ಉಪ್ಪುನೀರು ಮೂಗಿನಲ್ಲಿ, ಬಾಯಲ್ಲಿ, ಹೇಗೋ ಸೀದಾ ಆಯಿತು, ದಡಕ್ಕೆ ಬಂದದ್ದೇ ದೋಣಿಯ ಹುಟ್ಟಿನಲ್ಲಿ ಹೊಡೆತ, ಬೆನ್ನಿಗೆ, ಮಂಡಿಗೆ, ತಲೆಗೆ, ಅಳ್ವೆಲಿ ಕೀ ತೆಗಿತ್ಯಾ ಬೇವರ್ಸಿ, ಹೆತ್ತ ಅಬ್ಬಿನ್ನ ಮುಂಡೆ ಮಾಡ್ತ್ಯಾ, ಹುಟ್ಟು ಮುರಿಯಿತು, ಮುರಿದ ತುಂಡಿನಲ್ಲಿ ಹೊಡೆದ, ಒಮ್ಮೆ ಹಾಕಿದ ಕೀ ಮನೆ ಮುಟ್ಟುವವರೆಗೂ ತೆಗೆಯುವ ಹಾಗಿಲ್ಲ, ಅದು ನಮ್ಮವರ ಪದ್ಧತಿ, ಕೀ ಇಂಜಿನ್ನಿನಲ್ಲೇ ಇರಬೇಕು, ದೇವಸ್ಥಾನದ ಕೆಂಪು ದಾರ ಕಟ್ಟಿಕೊಂಡು, ನೂರು ಸಲ ಹೇಳಿಸಿದ, ನೂರು ಸಲ ಹೇಳಿದೆ, ರಕ್ತ ಉಗುಳುತ್ತಾ ಹೇಳಿದೆ. ತಲೆ ಮರೆಯಬಹುದು, ಕೈ ಎಲ್ಲಿ ಮರೆಯುತ್ತದೆ. ಹನ್ನೆರಡನೆಯದು ನೀರಿನ ಬಾಲ್ದಿ, ಹದಿಮೂರು ಗಾಯದ ಪಟ್ಟಿ, ಮುಲಾಮು, ಅವತ್ತು ಆ ಮುಲಾಮಿನ ಟ್ಯೂಬು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತೇ ಇದ್ದೆ, ಕಣ್ಣಿಗೆ ಮುಲಾಮು ಹಚ್ಚುತ್ತಾರಾ, ಸಿಟ್ಟು ಬರುತ್ತದೆ, ಯಾರ ಮೇಲೆ ಬರುತ್ತದೆ ಎಂದು ಸಿಟ್ಟಿಗೂ ಗೊತ್ತಿಲ್ಲ, ಕತ್ತಿಯ ಹಿಡಿ ಗೋಣಿಯ ಹೊರಗೆ ಇಣುಕುತ್ತಿದೆ, ಒಳಗೆ ತಳ್ಳಿದ.

ಪೂಜಿತಾ ಹೊರಗೆ ಬಂದಳು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ, ಬಲಗಣ್ಣಿನ ಜಾಗದಲ್ಲಿ ಮಣಿಪಾಲದಲ್ಲಿ ಕೂರಿಸಿದ ಕಣ್ಣು, ಅದು ಯಾವಾಗಲೂ ಸ್ವಲ್ಪ ಬೇರೆ ಕಡೆ ನೋಡುತ್ತದೆ, ಅವನಿಗೆ ಆ ಕಣ್ಣೇ ಸಲೀಸು, ಇನ್ನೊಂದು ನೋಡಿದರೆ ಮುಖ ತಿರುಗಿಸುತ್ತಾನೆ, ಸರ್ ರಾಕೆಟ್ ಕೂಟವನ್ನೇ ಮುಚ್ಚಿದ್ದರು, ಇವಳೇ ಹಟ ಹಿಡಿದು ಸಾಲಿಗ್ರಾಮದ ಅವರ ಮನೆಗೆ ಹೋಗಿ ಕೂತಳು, ಇನ್ನೊಂದ್ ಕಣ್ಣಿತ್ತಲೆ ಸರ್, ಎಂತಕೆ ಹೆದ್ರುದ್, ಸರ್ ಅತ್ತರಂತೆ. ಎಲ್ಲ ಹಾಕಿ ಆಯ್ತಾ ಅಪ್ಪಯ್ಯ, ಈ ನೀರಿನ್ ಬಾಟ್ಲಿ ಒಂದ್ ತಳಕ್ಕೆ ಹಾಕ್ತೆ ಎಂದು ಬಗ್ಗಿ ಗೋಣಿ ಎತ್ತಿದಳು, ಬೇಡ ಎನ್ನುವಷ್ಟರಲ್ಲಿ ಎತ್ತಿಯೇ ಬಿಟ್ಟಳು. ಇದೆಂತಕೆ? ಪಟ್ಟಿಲಿ ಇಲ್ಲೆ. ಹಗ್ಗ ಕೊಯ್ಯಲು ಎಂದ, ಸ್ವರ ಅವನದ್ದಲ್ಲ. ಕತ್ತಿಯ ಬಾಯಿ ಬೆರಳಲ್ಲಿ ಮುಟ್ಟಿ ನೋಡಿದಳು, ಗೋಣಿ ಮತ್ತೆ ಮೇಲೆ ಹಾಕಿದಳು, ಹಗ್ಗಕ್ಕೆ ಇಷ್ಟು ಮಸೆಯುವುದಿಲ್ಲ ಎಂದು ಮೀನು ಹಿಡಿಯುವವರ ಮನೆಯ ಮಗಳಿಗೆ ಹೇಳಿಕೊಡಬೇಕಾ, ಅಂಗಳದ ಬೇಲಿಯ ಹತ್ತಿರ ಸೈಕಲ್ ನಿಲ್ಲಿಸಿದ ಸದ್ದು, ಬಂದ, ಮನೀಷ ಬಂದ, ತೆಳ್ಳಗಾಗಿದ್ದಾನೆ, ಐಸ್ ಹೊತ್ತು ಹೆಗಲು ಕೆಂಪಾಗಿದೆ, ಮಾವ, ಪೆಟ್ಟಿಗೆ ನಾನ್ ಹೊರ್ತೆ ಎಂದಾಗ ಬಾಯಲ್ಲಿ ಎರಡು ಹಲ್ಲಿನ ಜಾಗ ಕಪ್ಪಗೆ ಕಂಡಿತು, ಹೆದರಿ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದಾನೆ, ಪದ್ದುವಿನ ಕೈ ಗೋಣಿಯ ಕಡೆ ಹೋಯಿತು, ಹಿಡಿ ಸಿಕ್ಕಿತು, ತಣ್ಣಗಿದೆ, ಈಗ, ಈಗಲೇ, ಗದ್ದೆಯವರೆಗೆ ಯಾಕೆ ಕಾಯಬೇಕು —

ಅಪ್ಪಯ್ಯ, ಲೈಟ್ ಇನ್ನೂ ಉರಿತಾ ಇತ್ತಲೆ.

ಎಂತ ಲೈಟು, ಬೆಳಗಾಗಿದೆ, ಯಾವ ಲೈಟು ಎಂದು ತಿರುಗಿದ, ಡಬ್ಬದ ಮೇಲೆ ಕೆಂಪು ದೀಪ, ಹನ್ನೊಂದನೆಯದು, ಪರೀಕ್ಷೆ ಮಾಡಿದ್ದೆ, ಹತ್ತಿತು, ಒಳ್ಳೆಯದಾಯಿತು, ಮತ್ತೆ ಬಾಲ್ದಿ, ಮುಲಾಮು, ಕೈ ತನ್ನಷ್ಟಕ್ಕೆ ಕೊರಳಿಗೆ ಹೋಯಿತು, ಕೊರಳಲ್ಲಿ ಬೆವರು ಬಿಟ್ಟರೆ ಏನೂ ಇಲ್ಲ, ಇವತ್ತು ಯಾರೂ ಬರಲಿಲ್ಲ, ಯಾರೂ ಇಸ್ಕೊಳ್ಳಲಿಲ್ಲ, ಜಗಲಿಯಲ್ಲಿ ನಾನೊಬ್ಬನೇ ಇದ್ದೆ, ಪೂಜಿತಾ ಡಬ್ಬ ನೋಡಿದಳು, ಅವನ ಬರಿಯ ಕೊರಳು ನೋಡಿದಳು, ಅವತ್ತೂ ಹೀಂಗೇ ಆದ್ದಾ ಅಪ್ಪಯ್ಯ, ಎಂದು ಕೇಳಿದಳು, ಮೆಲ್ಲಗೆ, ಸಿಟ್ಟೇ ಇಲ್ಲದೆ, ಹುಟ್ಟಿನಲ್ಲಿ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು, ಮನೀಷ ಅಂಗಳದಿಂದ ಡಬ್ಬವನ್ನೇ ನೋಡುತ್ತಿದ್ದಾನೆ, ಅಲ್ಲ ಎನ್ನಬೇಕು, ಅವನೇ ಎನ್ನಬೇಕು, ಬಾ ಮಾರಾಯ, ನಿನ್ನ ಕೈ ತಾ, ಒಂದೇ ಒಂದು ಸಲ ಆ ಕೈ ಅಲ್ಲಿ ಇಡು, ಪದ್ದು ಕಣ್ಣು ಬಿಗಿಯಾಗಿ ಮುಚ್ಚಿದ, ಕೊರಳು, ಡಬ್ಬ, ಒಂದು ಕೈ ಕಂಡಿತು, ಕೀ ತಿರುಗಿಸಿ ಬಿಟ್ಟು ಹೋಗುವ ಕೈ, ಗೆಣ್ಣಿನಲ್ಲಿ ಇನ್ನೂ ಗಾಯವಿಲ್ಲದ ಕೈ, ಕೀ ನೀನೇ ತೆಗಿ ಎಂದಳು ಮಗಳು, ತೆಗೆಯಬೇಕು, ಕೈ ಏಳುವುದಿಲ್ಲ, ದೀಪ ಉರಿಯುತ್ತಿದೆ, ಕಡಲ ಕಡೆಯಿಂದ ಸಣ್ಣ ಗಾಳಿ, ಕೆಂಪು ದಾರ ತೂಗುತ್ತಿದೆ, ಆಚೆ ಈಚೆ, ಆಚೆ